ಆಟದ ಹೆಸರಿನ ಕೆಳಗೆ 3+, 12+ ಅಂತ ಇರುತ್ತಲ್ಲ, ಅದನ್ನು ಎಷ್ಟು ನಂಬಬಹುದು?

ಶರಾವತಿ_ತೀರ

ಪ್ಲೇ ಸ್ಟೋರ್‌ನಲ್ಲಿ ಪ್ರತಿ ಆಟಕ್ಕೂ 3+, 7+, 12+ ಅಂತ ಒಂದು ಸಂಖ್ಯೆ ಇರುತ್ತದೆ. ಅದನ್ನು ಕೊಡುವವರು ಯಾರು? ಸಿನಿಮಾಗೆ ಸೆನ್ಸಾರ್ ಮಂಡಳಿ ಇರುವ ಹಾಗೆ ಆಟಗಳಿಗೂ ನಮ್ಮಲ್ಲಿ ಏನಾದರೂ ಇದೆಯಾ? 7ರಿಂದ 11 ವರ್ಷದ ಮಕ್ಕಳು ಹೆಚ್ಚಾಗಿ ಕೇಳುವುದು ರೋಬ್ಲಾಕ್ಸ್, ಮೈನ್‌ಕ್ರಾಫ್ಟ್, ಫ್ರೀ ಫೈರ್ ಮ್ಯಾಕ್ಸ್. ಕೊಡುವುದೇ ಆದರೆ ಮೊದಲು ಯಾವುದನ್ನು ಬಂದ್ ಮಾಡಬೇಕು, ಯಾವುದನ್ನು ಆಮೇಲೆ ನೋಡಿಕೊಳ್ಳಬಹುದು ಅಂತ ಗೊತ್ತಿರುವವರು ಬಿಡಿಸಿ ಹೇಳಿ. "ಫೋನೇ ಕೊಡಬೇಡಿ" ಅನ್ನುವ ಉತ್ತರ ಬೇರೆ ಕಡೆ ಸಾಕಷ್ಟು ಸಿಕ್ಕಿದೆ.

ಕೋಡ್‌ಕಟ್ಟೆ

ಭಾರತದಲ್ಲಿ ಆಟಗಳಿಗೆ ಸೆನ್ಸಾರ್ ಮಂಡಳಿಯಂಥದ್ದು ಇಲ್ಲ. 2021ರ ಐಟಿ ನಿಯಮಗಳಲ್ಲಿ ಬರುವ ಯು, ಯು/ಎ 7+, 13+, 16+, ಎ ಎಂಬ ವರ್ಗಗಳು ಒಟಿಟಿ ಸಿನಿಮಾ, ಸರಣಿಗಳಿಗೆ ಮಾಡಿದ್ದು.

ಪ್ಲೇ ಸ್ಟೋರ್‌ನಲ್ಲಿ ನಮಗೆ ಕಾಣುವ ಸಂಖ್ಯೆ ಐಎಆರ್‌ಸಿ ಎಂಬ, ರೇಟಿಂಗ್ ಕೊಡುವ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟದ್ದು. 2013ರಲ್ಲಿ ಶುರುವಾಯಿತು. ಆಟ ಮಾಡಿದವರು ಒಂದು ಪ್ರಶ್ನಾವಳಿ ತುಂಬುತ್ತಾರೆ: ಹೊಡೆದಾಟ ಇದೆಯೇ, ರಕ್ತ ಕಾಣುತ್ತದೆಯೇ, ಬೈಗುಳ ಇದೆಯೇ, ಜೂಜಿನ ದೃಶ್ಯ ಇದೆಯೇ, ಆಟಗಾರರು ಒಬ್ಬರಿಗೊಬ್ಬರು ಮಾತಾಡಬಹುದೇ, ದುಡ್ಡು ಕೊಟ್ಟು ಕೊಳ್ಳುವುದು ಏನಾದರೂ ಇದೆಯೇ. ತುಂಬಿ ಮುಗಿಸಿದ ಕೂಡಲೇ ಅದೇ ಉತ್ತರಗಳಿಂದ ಅಮೆರಿಕಕ್ಕೆ ಇಎಸ್‌ಆರ್‌ಬಿ, ಯುರೋಪಿಗೆ ಪೆಗಿ, ಜರ್ಮನಿಗೆ ಯುಎಸ್‌ಕೆ ರೇಟಿಂಗ್ ಹೊರಬೀಳುತ್ತದೆ. ಸ್ವಂತ ಮಂಡಳಿ ಇಲ್ಲದ ನಮ್ಮಂಥ ದೇಶಗಳಿಗೆ ಐಎಆರ್‌ಸಿಯ ಸಾಮಾನ್ಯ ಸಂಖ್ಯೆಗಳು: 3+, 7+, 12+, 16+, 18+. ಹಾಗಾಗಿ ಮೊದಲ ದಿನ ಅಲ್ಲಿ ಕಾಣುವುದು ತಯಾರಕರೇ ಕೊಟ್ಟ ಮಾಹಿತಿಯ ಫಲ. ದೂರು ಬಂದರೆ ಅಥವಾ ತಪಾಸಣೆಯಲ್ಲಿ ತಪ್ಪು ಸಿಕ್ಕಿದರೆ ಆಮೇಲೆ ಬದಲಾಗುತ್ತದೆ.

ಐಫೋನ್‌ನದು ಬೇರೆ. ಆಪಲ್ ತನ್ನದೇ ಸಂಖ್ಯೆ ಇಟ್ಟುಕೊಂಡಿದೆ. ಮೊದಲು 4+, 9+, 12+, 17+ ಇತ್ತು. 2025ರಲ್ಲಿ ಕೊನೆಯ ಎರಡನ್ನು ತೆಗೆದು 13+, 16+, 18+ ತಂದರು. ದೇಶ ಬದಲಾದರೂ ಸಂಖ್ಯೆ ಬದಲಾಗುತ್ತದೆ. ಮೈನ್‌ಕ್ರಾಫ್ಟ್‌ಗೆ ಪೆಗಿ 7 ಅನ್ನುತ್ತದೆ, ಇಎಸ್‌ಆರ್‌ಬಿ 10 ದಾಟಿರಲಿ ಅನ್ನುತ್ತದೆ. ಅಮೆರಿಕ, ಯುರೋಪಿನಲ್ಲಿರುವ ನೆಂಟರು ಹೇಳುವ ಸಂಖ್ಯೆಗೂ ಇಲ್ಲಿ ಕಾಣುವುದಕ್ಕೂ ತಾಳೆಯಾಗದಿದ್ದರೆ ಗಾಬರಿ ಬೇಡ.

ಆದರೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಈ ಸಂಖ್ಯೆ ಮುಖ್ಯವಾಗಿ ಅಳೆಯುವುದು ತೆರೆಯ ಮೇಲೆ ಏನು ಕಾಣುತ್ತದೆ ಎಂಬುದನ್ನು. ಆ ಕಡೆಯಿಂದ ಮಗುವಿನ ಜೊತೆ ಯಾರು ಮಾತಾಡುತ್ತಾರೆ ಎಂಬುದನ್ನು ಅಲ್ಲ. ಆನ್‌ಲೈನ್ ಒಡನಾಟಕ್ಕೆ ರೇಟಿಂಗ್ ಇಲ್ಲ ಎಂದು ಇಎಸ್‌ಆರ್‌ಬಿ ತಾನೇ ಸ್ಪಷ್ಟವಾಗಿ ಬರೆಯುತ್ತದೆ.

ಕಡಲತಡಿ_ಕುಡ್ಲ

ಕೋಡ್‌ಕಟ್ಟೆಯವರು ಹೇಳಿದ್ದು ಸರಿ ಉಂಟು. ಇನ್ನೊಂದು ಸೇರಿಸ್ತೇನೆ. 3+ ಅಂದರೆ "3 ವರ್ಷದ ಮಕ್ಕಳಿಗಾಗಿ ಮಾಡಿದ ಆಟ" ಅಂತ ಅರ್ಥ ಅಲ್ಲ. 3 ವರ್ಷದ ಮಗು ನೋಡಬಾರದ ದೃಶ್ಯ ಇಲ್ಲ ಅಂತ ಅಷ್ಟೆ. "ನಮ್ಮ ಆ್ಯಪ್ ಮಕ್ಕಳಿಗಾಗಿ" ಅಂತ ಗೂಗಲ್‌ಗೆ ಹೇಳುವುದು ಬೇರೆಯೇ ಒಂದು ಘೋಷಣೆ. ಹಾಗೆ ಹೇಳಿದವರು ಮಾತ್ರ ಕುಟುಂಬ ನೀತಿಯ ಅಡಿ ಬರ್ತಾರೆ. ಅವರು ತೋರಿಸುವ ಜಾಹೀರಾತು ಮಕ್ಕಳಿಗೆ ತಕ್ಕದ್ದಾಗಿರಬೇಕು. ದೊಡ್ಡವರಿಗೆ ಅಂತ ಘೋಷಿಸಿದ ಹಣ್ಣು ಕತ್ತರಿಸುವ ಆಟವೂ 3+ ಆಗಿರಬಹುದು, ಅದಕ್ಕೆ ಆ ಬಿಗಿ ಇಲ್ಲ.

ಇನ್ನು ಫುಟ್‌ಬಾಲ್ ಆಟಗಳನ್ನು ನೋಡಿ. ಫಿಫಾ ಸರಣಿ ಯುರೋಪಿನಲ್ಲಿ ವರ್ಷಗಟ್ಟಲೆ ಪೆಗಿ 3. ರಕ್ತ ಇಲ್ಲ, ಬೈಗುಳ ಇಲ್ಲ. ಆದರೆ ಒಳಗೆ ದುಡ್ಡು ಕೊಟ್ಟು ಪ್ಯಾಕ್ ತೆಗೆಯುವುದು ಉಂಟು, ಯಾವ ಆಟಗಾರ ಬರ್ತಾನೆ ಅಂತ ಮೊದಲೇ ಗೊತ್ತಿಲ್ಲ. ಇದನ್ನೇ ಲೂಟ್ ಬಾಕ್ಸ್ ಅನ್ನುವುದು. ಬೆಲ್ಜಿಯಂ 2018ರಲ್ಲೇ ಇದು ಜೂಜು ಅಂತ ನಿಲ್ಲಿಸಿತು. ಆಸ್ಟ್ರೇಲಿಯಾದಲ್ಲಿ 2024ರ ಸೆಪ್ಟೆಂಬರ್‌ನಿಂದ ದುಡ್ಡಿನ ಲೂಟ್ ಬಾಕ್ಸ್ ಇರುವ ಹೊಸ ಆಟಕ್ಕೆ ಕನಿಷ್ಠ 'ಎಂ' ವರ್ಗ, ಅಂದರೆ 15 ದಾಟಿದವರಿಗೆ ಅಂತ ಶಿಫಾರಸು. ನಮ್ಮಲ್ಲಿ ಅಂಥ ನಿಯಮ ಇಲ್ಲ.

ಹಾಗಾಗಿ ಸಂಖ್ಯೆಯ ಹತ್ತಿರ ಇರುವ 'ಐ' ಗುರುತು ಒತ್ತಿ, ಒಳಗಿನ ವಿವರ ಓದಿ. "ಬಳಕೆದಾರರು ಸಂವಹನ ನಡೆಸುತ್ತಾರೆ", "ಆಟದೊಳಗೆ ಖರೀದಿ", "ಸ್ಥಳ ಹಂಚಿಕೆ" ಅಂತ ಇರ್ತದೆ. ಸಣ್ಣ ಮಕ್ಕಳ ವಿಷಯದಲ್ಲಿ ನನಗೆ ಆ ಸಾಲುಗಳೇ ದೊಡ್ಡದು, ಸಂಖ್ಯೆ ಆಮೇಲೆ.

ಶರಾವತಿ_ತೀರ

ಹಾಗಾದರೆ ಗೂಗಲ್‌ನ ಪೋಷಕರ ನಿಯಂತ್ರಣದ ಆ್ಯಪ್ ಫ್ಯಾಮಿಲಿ ಲಿಂಕ್‌ನಲ್ಲಿ "7+ ವರೆಗೆ ಮಾತ್ರ" ಅಂತ ಹಾಕಿ ಕೂತರೆ ಸಾಲದು ಅಂತಾಯಿತು. ಶುರು ಎಲ್ಲಿಂದ ಮಾಡಬೇಕು?

ಕೋಡ್‌ಕಟ್ಟೆ

ಹುಟ್ಟಿದ ತಾರೀಖಿನಿಂದ. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ಮಕ್ಕಳ ಖಾತೆ ತೆರೆಯುವಾಗ ಬೇಗ ಮುಗಿಯಲಿ ಅಂತ ದೊಡ್ಡವರ ಹುಟ್ಟಿದ ವರ್ಷ ಹಾಕುವುದು ತೀರಾ ಸಾಮಾನ್ಯ. ಆಗ ಆಟದ ಕಂಪನಿಯ ಲೆಕ್ಕದಲ್ಲಿ ಆ ಮಗುವಿಗೆ 25 ವರ್ಷ. ಚಾಟ್ ತೆರೆದಿರುತ್ತದೆ, ಅಪರಿಚಿತರ ಸ್ನೇಹದ ಕೋರಿಕೆ ಬರುತ್ತದೆ, ದೊಡ್ಡವರ ಜಾಹೀರಾತು ಬರುತ್ತದೆ. ರೋಬ್ಲಾಕ್ಸ್, ಫೋರ್ಟ್‌ನೈಟ್, ಮೈಕ್ರೋಸಾಫ್ಟ್ ಮೂರರಲ್ಲೂ 13ರ ಕೆಳಗಿನವರಿಗೆ ತಾನಾಗಿ ಬೀಳುವ ಬೀಗಗಳಿವೆ. ತಪ್ಪು ವರ್ಷ ಹಾಕಿದರೆ ಅವು ಬೀಳುವುದೇ ಇಲ್ಲ. 13 ಎಂಬ ಗಡಿ ಬಂದದ್ದು ಮಕ್ಕಳ ಆನ್‌ಲೈನ್ ಖಾಸಗಿತನಕ್ಕಾಗಿ ಅಮೆರಿಕ ಮಾಡಿದ 1998ರ ಕಾಪ್ಪಾ ಕಾಯ್ದೆಯಿಂದ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ 18ರ ಕೆಳಗಿನವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು, ಅವರ ಬೆನ್ನುಹತ್ತಿ ಜಾಹೀರಾತು ತೋರಿಸುವಂತಿಲ್ಲ. ಅದರ ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ, ಒಪ್ಪಿಗೆಯ ಭಾಗ ಜಾರಿಗೆ ಬರಲು ಅಲ್ಲಿಂದ 18 ತಿಂಗಳು ಕೊಟ್ಟಿದ್ದಾರೆ. ಅಲ್ಲಿಯವರೆಗೆ ಕಂಪನಿಗಳ 13ರ ಗಡಿಯೇ ಕೆಲಸಕ್ಕೆ ಬರುವುದು.

ಈಗಾಗಲೇ ತಪ್ಪು ವರ್ಷ ಹಾಕಿದ್ದರೆ ಸರಿಪಡಿಸಿ, ಆದರೆ ಗೂಗಲ್ ಖಾತೆಯಲ್ಲಿ ಎಚ್ಚರ. ವಯಸ್ಸು ಕನಿಷ್ಠ ಮಿತಿಗಿಂತ ಕೆಳಗೆ ಹೋದರೆ 14 ದಿನದೊಳಗೆ ಪೋಷಕರ ಮೇಲ್ವಿಚಾರಣೆ ಜೋಡಿಸಬೇಕು, ಇಲ್ಲದಿದ್ದರೆ ಖಾತೆ ನಿಷ್ಕ್ರಿಯವಾಗುತ್ತದೆ. ಫ್ಯಾಮಿಲಿ ಲಿಂಕ್ ಆ್ಯಪ್ ಹಾಕಿಟ್ಟುಕೊಂಡೇ ತಾರೀಖು ಬದಲಿಸಿ.

ಹುಬ್ಬಳ್ಳಿ_ನೆಟ್‌ವರ್ಕ್

ಆಂಡ್ರಾಯ್ಡ್ ಫೋನಿನ ಕ್ರಮ ನಾ ಹೇಳ್ತೀನಿ ನೋಡ್ರಿ. ಮೆನು ಹೆಸರು ಒಂದೊಂದು ಆವೃತ್ತಿಗೆ ಒಂದೊಂದು ಥರಾ ಇರ್ತಾವು, ಜಾಗ ಮಾತ್ರ ಇದೇ.

ಮಗುವಿಗೆ ಬ್ಯಾರೆ ಗೂಗಲ್ ಖಾತೆ ಮಾಡ್ರಿ, ಖರೇ ಹುಟ್ಟಿದ ದಿನಾ ಹಾಕ್ರಿ. ನಿಮ್ಮ ಫೋನ್ಯಾಗ ಫ್ಯಾಮಿಲಿ ಲಿಂಕ್ ತಗೀರಿ, ಮಗುವಿನ ಹೆಸರು ಒತ್ರಿ, ನಿಯಂತ್ರಣದಾಗ ಗೂಗಲ್ ಪ್ಲೇ ಅಂತ ಐತಿ. ಅಲ್ಲಿ ಎರಡು ಕೆಲಸ. ಒಂದು, ಆ್ಯಪ್ ಮತ್ತು ಆಟದ ರೇಟಿಂಗ್ ಮಿತಿ. ಎರಡು, ಅನುಮತಿ: "ಎಲ್ಲ ಕಂಟೆಂಟ್‌ಗೂ ಅನುಮತಿ ಬೇಕು" ಅನ್ನೋದನ್ನ ಆರಿಸ್ರಿ. "ದುಡ್ಡು ಕೊಟ್ಟು ಕೊಳ್ಳೋದಕ್ಕ ಮಾತ್ರ" ಅಂತ ಇಟ್ರ ಪುಕ್ಕಟೆ ಆಟ ಎಲ್ಲಾ ನಿಮಗ ಕೇಳದs ಒಳಗ ಬರ್ತಾವು, ಮತ್ತ ಹೆಚ್ಚಿನ ಗದ್ದಲ ಇರೋದು ಪುಕ್ಕಟೆ ಆಟದಾಗs.

ರೇಟಿಂಗ್ ಮಿತಿ ಹಾಕೋಕಿಂತ ಮೊದಲs ಇದ್ದ ಆಟ ಅಲ್ಲೇ ಉಳೀತಾವು. ಅವನ್ನ ಆ್ಯಪ್ ಮಿತಿ ಅನ್ನೋ ಕಡೆ ಹೋಗಿ ಒಂದೊಂದಾಗಿ ಬ್ಲಾಕ್ ಮಾಡ್ರಿ.

ಆಮ್ಯಾಲೆ ಎಪಿಕೆ, ಅಂದ್ರ ಪ್ಲೇ ಸ್ಟೋರ್ ಹೊರಗಿನಿಂದ ಆ್ಯಪ್ ಹಾಕೋ ಫೈಲ್. ವಾಟ್ಸಾಪ್ ಗ್ರೂಪಿನ್ಯಾಗ "ಅನ್‌ಲಿಮಿಟೆಡ್ ಡೈಮಂಡ್" (ಡೈಮಂಡ್ ಅಂದ್ರ ಫ್ರೀ ಫೈರ್ ಒಳಗಿನ ದುಡ್ಡು) ಅಂತ ಒಂದು ಫೈಲ್ ಬರ್ತೈತಿ. ಹೊರಗಿನಿಂದ ಹಾಕಿದ ಆಟಕ್ಕ ಪ್ಲೇ ಸ್ಟೋರಿನ ರೇಟಿಂಗೂ ಇಲ್ಲ, ಅನುಮತಿನೂ ಇಲ್ಲ. ಸರ್ಕಾರ 2022ರ ಫೆಬ್ರುವರಿಯೊಳಗ ಮೂಲ ಫ್ರೀ ಫೈರ್ (ಮ್ಯಾಕ್ಸ್ ಅಲ್ಲ) ನಿಲ್ಲಿಸಿದ ಮ್ಯಾಲೆ ಇಂಥಾ ಫೈಲ್ ಹುಡುಕೋದು ಬಾಳ ಆತು. ಅದರಾಗ ಕೆಲವು ಎಸ್‌ಎಂಎಸ್ ಓದೋ ಅನುಮತಿ, ಆ್ಯಕ್ಸೆಸಿಬಿಲಿಟಿ ಅನುಮತಿ ಕೇಳ್ತಾವು. ಕೊಟ್ರ ಒಟಿಪಿ ಹೋದಂಗs. ಸೆಟ್ಟಿಂಗ್ಸ್, ಆ್ಯಪ್ಸ್, ವಿಶೇಷ ಆ್ಯಪ್ ಪ್ರವೇಶ, "ಅಪರಿಚಿತ ಆ್ಯಪ್ ಇನ್‌ಸ್ಟಾಲ್" ಅಂತ ಹೋಗ್ರಿ. ಅಲ್ಲಿ ಕ್ರೋಮ್, ವಾಟ್ಸಾಪ್, ಫೈಲ್ ಮ್ಯಾನೇಜರ್ ಒಂದೊಂದನ್ನೂ "ಬೇಡ" ಅಂತ ಮಾಡ್ರಿ. ಕ್ರೋಮ್ ಒಂದನ್ನs ಮಾಡಿ ಬಿಟ್ರ ವಾಟ್ಸಾಪ್ ದಾರಿ ತೆರೆದs ಇರ್ತೈತಿ.

ಅನಿವಾಸಿ_ಅಕ್ಕ

ಐಫೋನ್, ಐಪ್ಯಾಡ್ ಇರುವವರಿಗೆ: ಸೆಟ್ಟಿಂಗ್ಸ್‌ನಲ್ಲಿ ಸ್ಕ್ರೀನ್ ಟೈಮ್, ಅದರೊಳಗೆ ಕಂಟೆಂಟ್ ಮತ್ತು ಪ್ರೈವೆಸಿ ನಿರ್ಬಂಧ. ಆ್ಯಪ್‌ಗಳ ವಯೋಮಿತಿ ಅಲ್ಲೇ ಇದೆ. ಆ್ಯಪ್ ಒಳಗಿನ ಖರೀದಿ "ಬೇಡ" ಎಂದು ಮಾಡಿ. ಹೆಚ್ಚಿನವರು ಬಿಟ್ಟುಬಿಡುವುದು ಗೇಮ್ ಸೆಂಟರ್ (ಆಪಲ್‌ನದೇ ಆಟಗಾರರ ಜಾಲ) ಭಾಗವನ್ನು. ಹಲವರು ಆಡುವ ಆಟಗಳನ್ನು "ಸ್ನೇಹಿತರ ಜೊತೆ ಮಾತ್ರ" ಎಂದು ಇಟ್ಟು, ಖಾಸಗಿ ಸಂದೇಶ ಮತ್ತು ಸ್ನೇಹಿತರನ್ನು ಸೇರಿಸುವುದನ್ನು ಮುಚ್ಚಿ. ಇದು ಗೇಮ್ ಸೆಂಟರ್ ಬಳಸುವ ಆಟಗಳಿಗೆ ಮಾತ್ರ. ರೋಬ್ಲಾಕ್ಸ್‌ನಂಥವು ತಮ್ಮದೇ ಚಾಟ್ ಇಟ್ಟುಕೊಂಡಿರುವುದರಿಂದ ಅವಕ್ಕೆ ತಾಗುವುದಿಲ್ಲ. ಸ್ಕ್ರೀನ್ ಟೈಮ್ ಪಾಸ್‌ಕೋಡ್ ಫೋನಿನ ಲಾಕ್ ಪಾಸ್‌ಕೋಡ್‌ಗಿಂತ ಬೇರೆ ಇರಲಿ.

ಪ್ರೈಮರಿ_ಮೇಷ್ಟ್ರು

ರೋಬ್ಲಾಕ್ಸ್ ಬಗ್ಗೆ ಯಾರಾದರೂ ವಿವರವಾಗಿ ಬರೆಯಿರಿ. 3, 4ನೇ ತರಗತಿಯ ಪೋಷಕರು ಹೆಚ್ಚು ಕೇಳುವುದು ಇದನ್ನೇ. ಅದು ಒಂದು ಆಟ ಅಂದುಕೊಂಡಿರುತ್ತಾರೆ.

ಕೋಡ್‌ಕಟ್ಟೆ

ಮೇಷ್ಟ್ರೇ, ಗೊಂದಲ ಇರುವುದು ಅಲ್ಲೇ. ರೋಬ್ಲಾಕ್ಸ್ ಒಂದು ಆಟವಲ್ಲ, ಲಕ್ಷಾಂತರ ಆಟಗಳ ಸಂತೆ. ಹೆಚ್ಚಿನವನ್ನು ಮಾಡಿದವರು ಬಳಕೆದಾರರೇ. ಸಂತೆಗೆ ಒಟ್ಟಾಗಿ ಒಂದು ಸಂಖ್ಯೆ ಅಂಟಿಸಿದರೆ ಒಂದೊಂದು ಅಂಗಡಿಯಲ್ಲಿ ಏನಿದೆ ಎಂದು ತಿಳಿಯುವುದಿಲ್ಲ.

ಅದಕ್ಕೆ ಒಳಗಿನ ಪ್ರತಿ ಆಟಕ್ಕೂ ಬೇರೆ ಗುರುತು ಇದೆ: ಮಿನಿಮಲ್, ಮೈಲ್ಡ್, ಮಾಡರೇಟ್, ರಿಸ್ಟ್ರಿಕ್ಟೆಡ್. ಮಿನಿಮಲ್‌ನಲ್ಲಿ ಅಲ್ಲೊಂದು ಇಲ್ಲೊಂದು ಲಘು ಹೊಡೆದಾಟ, ಸ್ವಲ್ಪ ಹೆದರಿಕೆ ಇರಬಹುದು. ಮೈಲ್ಡ್‌ನಲ್ಲಿ ಅದೇ ಮತ್ತೆ ಮತ್ತೆ ಬರುತ್ತದೆ. ಮಾಡರೇಟ್‌ಗೆ ಬಂದರೆ ನಿಜದಂತೆ ಕಾಣುವ ರಕ್ತ ಸ್ವಲ್ಪ, ಆಡಲಾಗದ ಜೂಜಿನ ಚಿತ್ರಣ. ರಿಸ್ಟ್ರಿಕ್ಟೆಡ್ ದೊಡ್ಡವರಿಗೆ. 9ರ ಕೆಳಗಿನ ಮಗುವಿಗೆ ಮಿನಿಮಲ್ ಮತ್ತು ಮೈಲ್ಡ್ ಮಾತ್ರ ತಾನಾಗಿ ಸಿಗುತ್ತದೆ, ಮಾಡರೇಟ್‌ಗೆ ಪೋಷಕರ ಒಪ್ಪಿಗೆ ಬೇಕು. 7, 8ರ ಮಕ್ಕಳಿಗೆ ಮಿನಿಮಲ್ ಅಷ್ಟೇ ಇಡಿ ಎಂದು ನಾನು ಹೇಳುತ್ತೇನೆ. ಈ ಗುರುತು ಕೂಡ ಆಟ ಮಾಡಿದವರು ತುಂಬಿದ ಪ್ರಶ್ನಾವಳಿಯಿಂದಲೇ ಬರುವುದು.

ಮೊದಲು ಪೋಷಕರು ತಮ್ಮದೇ ರೋಬ್ಲಾಕ್ಸ್ ಖಾತೆ ತೆರೆಯಬೇಕು. ಗುರುತಿನ ಚೀಟಿ ಅಥವಾ ಕ್ರೆಡಿಟ್ ಕಾರ್ಡ್ ತೋರಿಸಿ ದೊಡ್ಡವರೆಂದು ಸಾಬೀತು ಮಾಡಬೇಕು. ಆಮೇಲೆ ಮಗುವಿನ ಖಾತೆಯನ್ನು ಅದಕ್ಕೆ ಜೋಡಿಸಬೇಕು. 2024ರ ನವೆಂಬರ್‌ನಿಂದ ಈ ವ್ಯವಸ್ಥೆ ಇದೆ. ಜೋಡಿಸಿದ ಮೇಲೆ ನಿಮ್ಮ ಫೋನಿನಿಂದಲೇ ಕಂಟೆಂಟ್ ಮಟ್ಟ, ದಿನದ ಸಮಯ, ತಿಂಗಳ ಖರ್ಚಿನ ಮಿತಿ, ಸ್ನೇಹಿತರ ಪಟ್ಟಿ ಎಲ್ಲವೂ ಕಾಣುತ್ತದೆ. ಖರ್ಚನ್ನು 0 ಮಾಡಿ. ಸ್ನೇಹಿತರ ಪಟ್ಟಿಯನ್ನು ಮಗುವಿನ ಜೊತೆ ಕೂತು ನೋಡಿ. "ಇದು ಯಾರು?" ಎಂದರೆ ಶಾಲೆಯ ಮಗುವಿನ ಹೆಸರೋ, ನೆಂಟರ ಹೆಸರೋ ಬರಬೇಕು. "ಆಟದಲ್ಲಿ ಸಿಕ್ಕಿದ" ಎಂದರೆ ತೆಗೆಯಿರಿ.

ಚಾಟ್ ವಿಷಯ. 13ರ ಕೆಳಗಿನವರು ಆಟದ ಹೊರಗೆ ಖಾಸಗಿ ಸಂದೇಶ ಕಳಿಸುವುದು ತಾನಾಗಿ ಬಂದ್ ಆಗಿರುತ್ತದೆ. 2026ರ ಜನವರಿಯಿಂದ ಚಾಟ್ ಬೇಕೆಂದರೆ ಕ್ಯಾಮೆರಾಗೆ ಮುಖ ತೋರಿಸಿ ವಯಸ್ಸು ಅಂದಾಜು ಮಾಡಿಸಿಕೊಳ್ಳಬೇಕು, ಅಥವಾ ಗುರುತಿನ ಚೀಟಿ ಕೊಡಬೇಕು. 9ರ ಕೆಳಗೆ, 9ರಿಂದ 12, 13ರಿಂದ 15 ಹೀಗೆ ಗುಂಪು ಮಾಡಿ, ತಮ್ಮ ಗುಂಪು ಮತ್ತು ಹತ್ತಿರದ ಗುಂಪಿನವರ ಜೊತೆ ಮಾತ್ರ ಮಾತಿಗೆ ಬಿಡುತ್ತಾರೆ. ದಯವಿಟ್ಟು ಇಲ್ಲಿ ಮಗುವಿನ ಬದಲು ನೀವು ಮುಖ ತೋರಿಸಬೇಡಿ. ಮಗುವಿನ ಖಾತೆ ದೊಡ್ಡವರ ಗುಂಪಿಗೆ ಸೇರಿಹೋಗುತ್ತದೆ, ಮಾಡಿದ ರಕ್ಷಣೆಯೆಲ್ಲ ತಿರುಗುಮುರುಗು. ಚಿಕ್ಕ ಮಕ್ಕಳಿಗೆ ಈ ತಪಾಸಣೆಯೇ ಬೇಡ. ಮಾಡಿಸದಿದ್ದರೆ ಚಾಟ್ ಇಲ್ಲ, ಆಟಕ್ಕೆ ತೊಂದರೆಯೂ ಇಲ್ಲ.

ಕಡಲತಡಿ_ಕುಡ್ಲ

ತಾನಾಗಿ ಬಂದ್ ಆಗಿರುವುದು ಯಾಕೆ ಮುಖ್ಯ ಅಂತ ಕೇಳುವವರಿಗೆ: ಫೋರ್ಟ್‌ನೈಟ್‌ನಲ್ಲಿ ಧ್ವನಿ ಮತ್ತು ಬರಹದ ಚಾಟ್ ಮಕ್ಕಳಿಗೂ ಮೊದಲಿನಿಂದಲೇ ತೆರೆದಿತ್ತು ಅನ್ನುವುದು ಗ್ರಾಹಕರ ರಕ್ಷಣೆ ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಟಿಸಿ ಹಾಕಿದ ಮೊಕದ್ದಮೆಯ ಒಂದು ಮುಖ್ಯ ಆರೋಪ. 2022ರ ಡಿಸೆಂಬರ್‌ನಲ್ಲಿ ಆ ಆಟ ಮಾಡಿದ ಎಪಿಕ್ ಕಂಪನಿ ಒಟ್ಟು 52 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು. 27.5 ಕೋಟಿ ಮಕ್ಕಳ ಖಾಸಗಿತನದ ದಂಡ, 24.5 ಕೋಟಿ ಗೊತ್ತಿಲ್ಲದೆ ಒತ್ತಿ ಕೊಂಡವರಿಗೆ ವಾಪಸು.

ಮೈನ್‌ಕ್ರಾಫ್ಟ್ ನನ್ನ ಲೆಕ್ಕದಲ್ಲಿ ಸಣ್ಣವರಿಗೆ ಈ ಮೂರರಲ್ಲಿ ಒಳ್ಳೆಯದು. ಅಪರಿಚಿತರೇ ಇಲ್ಲದೆ ಆಡಲಿಕ್ಕೆ ಆಗ್ತದೆ. ಸ್ವಂತ ಲೋಕ ತೆರೆದು, ಮಲ್ಟಿಪ್ಲೇಯರ್ ಸೆಟ್ಟಿಂಗ್‌ನಲ್ಲಿ ಲ್ಯಾನ್‌ನವರಿಗೆ ಮಾತ್ರ ಕಾಣುವ ಹಾಗೆ ಇಟ್ಟರೆ ಒಂದೇ ವೈಫೈಯಲ್ಲಿರುವ ಅಣ್ಣ ತಂಗಿ ಒಟ್ಟಿಗೆ ಆಡಬಹುದು. ದೂರದ ಕಸಿನ್ ಜೊತೆ ಬೇಕಾದರೆ ರೆಲ್ಮ್ಸ್ (ಮೈನ್‌ಕ್ರಾಫ್ಟ್‌ನದೇ ಖಾಸಗಿ ಸರ್ವರ್), ಅದು ಆಹ್ವಾನ ಇದ್ದವರಿಗೆ ಮಾತ್ರ. ಮುಟ್ಟಬಾರದ್ದು ಸಾರ್ವಜನಿಕ ಸರ್ವರ್‌ಗಳ ಪಟ್ಟಿ. ಇದನ್ನು ನಿಲ್ಲಿಸುವುದು ಆಟದ ಒಳಗೆ ಅಲ್ಲ, ಮೈಕ್ರೋಸಾಫ್ಟ್ ಫ್ಯಾಮಿಲಿ ಗುಂಪಿಗೆ ಮಗುವಿನ ಖಾತೆ ಸೇರಿಸಿ ಎಕ್ಸ್‌ಬಾಕ್ಸ್ ಖಾಸಗಿತನದ ಪುಟದಲ್ಲಿ. ಎಕ್ಸ್‌ಬಾಕ್ಸ್ ಯಂತ್ರ ಮನೆಯಲ್ಲಿ ಇಲ್ಲದಿದ್ದರೂ ಸೆಟ್ಟಿಂಗ್ ಅಲ್ಲೇ ಇರುವುದು. ತುಂಬ ಜನ ಹುಡುಕಿ ಹುಡುಕಿ ಬಿಡುವುದು ಅದಕ್ಕೇ ಮಾರಾಯ್ರೆ.

ಹುಬ್ಬಳ್ಳಿ_ನೆಟ್‌ವರ್ಕ್

ಫ್ರೀ ಫೈರ್ ಮ್ಯಾಕ್ಸ್, ಬಿಜಿಎಂಐ (ಪಬ್‌ಜಿ ಆಟದ ಭಾರತದ ಆವೃತ್ತಿ) ಇವು 10 ವರ್ಷದೊಳಗಿನವರಿಗೆ ಬ್ಯಾಡ ಅಂತ ನಾ ಸಾಫ್ ಹೇಳ್ತೀನಿ. ಗುಂಡು ಹೊಡಿಯೋದಕ್ಕಿಂತ ಆ ಧ್ವನಿ ಚಾಟಿನ ಬೈಗುಳ ದೊಡ್ಡ ತ್ರಾಸ. ಬಿಜಿಎಂಐ 2021ರಾಗ ಬಂದಾಗ 18ರ ಕೆಳಗಿನವರಿಗೆ ದಿನಕ್ಕ 3 ತಾಸು, ₹7,000 ಖರ್ಚಿನ ಮಿತಿ, ಪಾಲಕರ ಮೊಬೈಲಿಗೆ ಒಟಿಪಿ ಅಂತ ಮಾಡಿದ್ರು. ಆದ್ರ "ನನಗ 18 ಆಗೇತಿ" ಅಂತ ಒತ್ತಿದವರಿಗೆ ಅದು ಯಾವುದೂ ತಾಗೂದಿಲ್ಲ.

ಮೈಕ್ ಅನುಮತಿ ತಗದ್ರ ಸಾಕು ಅಂತ ಭಾಳ ಮಂದಿ ತಿಳ್ಕೊಂಡಾರ. ಫೋನಿನ ಸೆಟ್ಟಿಂಗ್ಸ್ ಒಳಗ ಆಟದ ಮೈಕ್ ಅನುಮತಿ ತಗದ್ರ ನಿಮ್ಮ ಹುಡುಗನ ಧ್ವನಿ ಹೊರಗ ಹೋಗೂದಿಲ್ಲ, ಅಷ್ಟs. ಆ ಕಡೆಯವರ ಧ್ವನಿ ಬರ್ತನs ಇರ್ತೈತಿ. ಆಟದ ಒಳಗ ಸ್ಪೀಕರ್ ಗುರುತನ್ನೂ ಬಂದ್ ಮಾಡ್ರಿ, ಬರಹದ ಚಾಟ್ ಬ್ಯಾರೆ ನೋಡ್ರಿ.

ಬ್ಯಾಂಕ್_ಕೌಂಟರ್

ದುಡ್ಡಿನ ಕಡೆ ಎಲ್ಲಿ ಸೋರುತ್ತದೆ ಎಂದು ನಾನು ಬರೆಯುತ್ತೇನೆ.

ಮೊದಲನೆಯದು ಬೆರಳಚ್ಚು. ಅಪ್ಪನ ಫೋನಿನಲ್ಲಿ ಮಗುವಿನ ಬೆರಳೂ ದಾಖಲಾಗಿರುತ್ತದೆ, ಫೋನ್ ತೆಗೆಯಲು ಸುಲಭ ಎಂದು. ಪ್ಲೇ ಸ್ಟೋರ್‌ನ ಖರೀದಿ ದೃಢೀಕರಣಕ್ಕೆ ಬೆರಳಚ್ಚು ಸಾಕು ಎಂದು ಇಟ್ಟಿದ್ದರೆ ದಾಖಲಾದ ಯಾವ ಬೆರಳಾದರೂ ನಡೆಯುತ್ತದೆ. ಮಗುವಿನ ಬೆರಳು ಅಳಿಸಿ, ಪ್ರತಿ ಖರೀದಿಗೂ ದೃಢೀಕರಣ ಬೇಕೆಂದು ಮಾಡಿ.

ಎರಡನೆಯದು ಪ್ಲೇ ಬ್ಯಾಲೆನ್ಸ್. ಗಿಫ್ಟ್ ಕೋಡ್ ಹಾಕಿ ದುಡ್ಡು ತುಂಬಿದ ಮೇಲೆ ಅದನ್ನು ಖರ್ಚು ಮಾಡಲು ಯುಪಿಐ ಪಿನ್ ಕೇಳುವುದಿಲ್ಲ. ಅಲ್ಲಿ ನಿಲ್ಲಿಸುವುದು ಪ್ಲೇ ಸ್ಟೋರ್‌ನ ಆ ದೃಢೀಕರಣ ಒಂದೇ.

ಮೂರನೆಯದು ಆಟೋಪೇ. ತಿಂಗಳ ಪಾಸ್‌ಗೆ ಒಂದು ಸಲ ಪಿನ್ ಒತ್ತಿದರೆ ಮುಂದಿನ ಕಂತುಗಳು ₹15,000ದವರೆಗೆ ಪಿನ್ ಇಲ್ಲದೆಯೇ ಹೋಗುತ್ತವೆ. ಕಡಿತಕ್ಕೆ 24 ಗಂಟೆ ಮೊದಲು ಸಂದೇಶ ಬರಲೇಬೇಕು, ಆದರೆ ಅದನ್ನು ಓದುವವರು ಕಡಿಮೆ. ಆಟ ಅಳಿಸಿದರೆ ಪಾಸ್ ನಿಲ್ಲುವುದಿಲ್ಲ. ಪ್ಲೇ ಸ್ಟೋರ್‌ನ ಸಬ್‌ಸ್ಕ್ರಿಪ್ಷನ್ ಪಟ್ಟಿಯಲ್ಲಿ ರದ್ದು ಮಾಡಿ, ಯುಪಿಐ ಆ್ಯಪ್‌ನ ಆಟೋಪೇ ವಿಭಾಗದಲ್ಲೂ ಮ್ಯಾಂಡೇಟ್ (ಕಡಿತಕ್ಕೆ ಕೊಟ್ಟ ಒಪ್ಪಿಗೆ) ತೆಗೆಯಿರಿ.

ಹೋದ ದುಡ್ಡು ವಾಪಸು ಬೇಕಿದ್ದರೆ ಗಡಿಯಾರ ನೋಡಿ. ಗೂಗಲ್‌ಗೆ ನೇರವಾಗಿ ಕೇಳಲು 48 ಗಂಟೆ. ಅದು ದಾಟಿದರೆ ಆಟದ ಕಂಪನಿಯನ್ನೇ ಕೇಳಬೇಕು. ಐಫೋನಾದರೆ ಆಪಲ್‌ನ ಸಮಸ್ಯೆ ವರದಿ ಪುಟದಲ್ಲಿ, ಮಗು ಅನುಮತಿ ಇಲ್ಲದೆ ಕೊಂಡಿದೆ ಎಂಬ ಕಾರಣ ಆರಿಸಿ. ಬ್ಯಾಂಕಿಗೆ ಬಂದು "ವಂಚನೆ" ಎಂದು ಬರೆಸಬೇಡಿ. 2017ರ ರಿಸರ್ವ್ ಬ್ಯಾಂಕ್ ಸುತ್ತೋಲೆಯಲ್ಲಿ 3 ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕರಿಗೆ ಹೊಣೆ ಇಲ್ಲ ಎಂದಿರುವುದು ಹೊರಗಿನವರು ಮಾಡಿದ ಮೋಸಕ್ಕೆ. ಮನೆಯ ಮಗುವಿಗೆ ಪಿನ್ ಗೊತ್ತಿತ್ತು ಎಂದಾದರೆ ಅದು ಅಲ್ಲಿ ಬರುವುದಿಲ್ಲ. ನಿಜವಾಗಿ ಹೊರಗಿನವರು "ಫ್ರೀ ರೋಬಕ್ಸ್" (ರೋಬ್ಲಾಕ್ಸ್ ಒಳಗಿನ ದುಡ್ಡು), "ಫ್ರೀ ಡೈಮಂಡ್" ಪುಟದಲ್ಲಿ ಒಟಿಪಿ ತೆಗೆಸಿಕೊಂಡಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ. ದುಡ್ಡು ಮುಂದಿನ ಖಾತೆಗೆ ಜಾರುವ ಮೊದಲು ತಡೆಯಬೇಕು, ಹಾಗಾಗಿ ನಾಳೆ ಎನ್ನುವಂತಿಲ್ಲ.

ಶರಾವತಿ_ತೀರ

2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಇದಕ್ಕೆಲ್ಲ ಅನ್ವಯವಾಗುವುದಿಲ್ಲವೇ?

ವಕೀಲರ_ಓಣಿ

ಆ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿ ಅಂಕಿತ ಸಿಕ್ಕಿತು. ಅದು ನಿಷೇಧಿಸುವುದು ಹಣ ಹೂಡಿ ಹಣ ಗೆಲ್ಲುವ ಆಸೆಯ ಆಟಗಳನ್ನು, ಅವುಗಳ ಜಾಹೀರಾತನ್ನು, ಅವಕ್ಕೆ ಪಾವತಿ ಸೌಲಭ್ಯ ಕೊಡುವುದನ್ನು. ಬಟ್ಟೆ, ಬಂದೂಕಿನ ಬಣ್ಣ ಕೊಳ್ಳುವ ಸಾಮಾನ್ಯ ಆಟದಲ್ಲಿ ಮಗು ಖರ್ಚು ಮಾಡಿದ್ದಕ್ಕೆ ಅಲ್ಲಿ ಪರಿಹಾರ ಹುಡುಕಬೇಡಿ.

ನಾನು ಬರೆಯಬೇಕೆಂದಿದ್ದು ಬೇರೆ. ಅಪರಿಚಿತರು ಮಗುವಿನ ಹತ್ತಿರ ಬರುವ ದಾರಿ ಬಹುತೇಕ ಒಂದೇ ಥರ ಇರುತ್ತದೆ. ಮೊದಲು ಆಟದೊಳಗೆ ಉಡುಗೊರೆ, ಒಂದು ಸ್ಕಿನ್ನೋ (ಪಾತ್ರದ ವೇಷ) ಡೈಮಂಡೋ. ಆಮೇಲೆ "ಇಲ್ಲಿ ಟೈಪ್ ಮಾಡೋದು ಕಷ್ಟ, ಡಿಸ್ಕಾರ್ಡ್‌ಗೆ ಬಾ", ಅಥವಾ ಸ್ನ್ಯಾಪ್‌ಚಾಟ್, ವಾಟ್ಸಾಪ್. ಆಮೇಲೆ "ಅಮ್ಮನಿಗೆ ಹೇಳಬೇಡ". ಆಮೇಲೆ ಫೋಟೋ. ಎರಡನೇ ಮೆಟ್ಟಿಲಲ್ಲೇ ಹಿಡಿಯಬೇಕು, ಯಾಕೆಂದರೆ ಆಟದ ಹೊರಗೆ ಹೋದ ಮೇಲೆ ಆಟದ ಕಂಪನಿಯ ಫಿಲ್ಟರ್ ಯಾವುದೂ ಇರುವುದಿಲ್ಲ. ಡಿಸ್ಕಾರ್ಡ್‌ನ ಕನಿಷ್ಠ ವಯಸ್ಸು 13. ಅದಕ್ಕಿಂತ ಚಿಕ್ಕ ಮಗುವಿನ ಫೋನಿನಲ್ಲಿ ಅದು ಇದ್ದರೆ ಯಾರು ಹಾಕಿಸಿದರು ಎಂದು ಕೇಳಿ.

ಅಂಥದ್ದು ನಡೆದದ್ದು ಕಂಡರೆ ಮಗುವನ್ನು ಬೈಯಬೇಡಿ, ಫೋನ್ ಕಿತ್ತು ರೀಸೆಟ್ ಮಾಡಬೇಡಿ. ಪುರಾವೆ ಅಲ್ಲೇ ಇರುವುದು. ಆ ವ್ಯಕ್ತಿಗೆ ನೀವು ಬೆದರಿಕೆ ಸಂದೇಶ ಹಾಕಿದರೆ ಅವನು ಖಾತೆ ಅಳಿಸಿ ಓಡುತ್ತಾನೆ. ಸ್ಕ್ರೀನ್‌ಶಾಟ್ ತೆಗೆಯಿರಿ. ತೋರುವ ಹೆಸರು ಸಾಲದು, ಅದನ್ನು ಯಾವಾಗ ಬೇಕಾದರೂ ಬದಲಿಸಬಹುದು. ಪ್ರೊಫೈಲ್ ತೆರೆದು ಆಟಗಾರನ ಅಂಕಿಗಳ ಗುರುತು (ಯುಐಡಿ), ರೋಬ್ಲಾಕ್ಸ್ ಆದರೆ ಪ್ರೊಫೈಲ್ ವಿಳಾಸದಲ್ಲಿರುವ ಸಂಖ್ಯೆ, ದಿನಾಂಕ, ಸಮಯ ಕಾಣುವಂತೆ ತೆಗೆಯಿರಿ. ಆಟದಲ್ಲಿ ರಿಪೋರ್ಟ್ ಮಾಡಿ ಬ್ಲಾಕ್ ಮಾಡುವುದು ಇದಾದ ಮೇಲೆ. ಮಗುವಿನ ಅಶ್ಲೀಲ ಚಿತ್ರ ಇದ್ದರೆ ಅದನ್ನು ಪುರಾವೆ ಎಂದು ಯಾರಿಗೂ, ಸ್ವಂತ ಅಣ್ಣನಿಗೂ, ಫಾರ್ವರ್ಡ್ ಮಾಡಬೇಡಿ. ಹರಡುವುದೇ ಅಪರಾಧ. ಫೋನನ್ನೇ ಪೊಲೀಸರಿಗೆ ತೋರಿಸಿ. ದುಡ್ಡು ಕೇಳಿ ಬೆದರಿಸುತ್ತಿದ್ದರೆ ಕೊಡಬೇಡಿ.

ದೂರು ಕೊಡಲು ಕರ್ನಾಟಕದ ಪ್ರತಿ ಜಿಲ್ಲೆಯಲ್ಲೂ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆ ಇದೆ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಹಿಳೆ ಮತ್ತು ಮಕ್ಕಳ ವಿಭಾಗದಲ್ಲಿ ಹೆಸರು ಹೇಳದೆಯೂ ವರದಿ ಮಾಡಬಹುದು. ಮಕ್ಕಳ ಸಹಾಯವಾಣಿ 1098. ಠಾಣೆಗೆ ಹೋದರೆ ಮಗುವಿನ ಹೆಸರು ಊರೆಲ್ಲ ತಿಳಿಯುತ್ತದೆ ಎಂಬ ಭಯ ಬಹಳ ಜನರಿಗೆ. 2012ರ ಪೋಕ್ಸೊ ಕಾಯ್ದೆ ಇದಕ್ಕೆಂದೇ ದಾರಿ ಮಾಡಿದೆ. ಮಗು ಇರುವ ಕಡೆಯೇ ಬಂದು ಹೇಳಿಕೆ ಪಡೆಯಬೇಕು, ಸಾಧ್ಯವಾದಷ್ಟು ಮಟ್ಟಿಗೆ ಸಬ್‌ಇನ್‌ಸ್ಪೆಕ್ಟರ್ ದರ್ಜೆಗಿಂತ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ ಪಡೆಯಬೇಕು, ಸಮವಸ್ತ್ರದಲ್ಲಿ ಇರಬಾರದು. ಮಗುವಿನ ಗುರುತು ಪತ್ರಿಕೆಯಲ್ಲಿ ಬರುವಂತಿಲ್ಲ. ವಿಷಯ ಗೊತ್ತಿದ್ದೂ ತಿಳಿಸದಿರುವುದು ಆ ಕಾಯ್ದೆಯಲ್ಲಿ ಶಿಕ್ಷಾರ್ಹ, ಶಾಲೆಯವರಿಗೂ ಸೇರಿಸಿ.

ಚಿತ್ರ ಹರಡುವ ಭಯವಿದ್ದರೆ 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆ ಇದೆ, ಅಮೆರಿಕದ ಎನ್‌ಸಿಎಂಇಸಿ ಸಂಸ್ಥೆಯದು. ಚಿತ್ರ ನಿಮ್ಮ ಫೋನಿನಲ್ಲೇ ಉಳಿಯುತ್ತದೆ, ಅದರ ಡಿಜಿಟಲ್ ಗುರುತು ಮಾತ್ರ ಹೋಗುತ್ತದೆ. ಸೇರಿಕೊಂಡಿರುವ ಜಾಲತಾಣಗಳು ಅದೇ ಗುರುತಿನ ಚಿತ್ರವನ್ನು ತೆಗೆದುಹಾಕುತ್ತವೆ.

ಪ್ರೈಮರಿ_ಮೇಷ್ಟ್ರು

ವಕೀಲರು ಬರೆದದ್ದನ್ನು ಪೋಷಕರ ಸಭೆಗೆ ತೆಗೆದುಕೊಳ್ಳುತ್ತೇನೆ. ಮಕ್ಕಳಿಗೆ ಹೇಳುವಾಗ "ಕೆಟ್ಟವರು ಇರ್ತಾರೆ" ಎಂದರೆ ತಲೆಗೆ ಹೋಗುವುದಿಲ್ಲ. ಉಡುಗೊರೆ ಕೊಟ್ಟವನು ಅವರ ಕಣ್ಣಿಗೆ ಒಳ್ಳೆಯವನೇ. ಹಾಗಾಗಿ ಮಾಡಬೇಕಾದ ಕೆಲಸ ಹೇಳಿ: ಯಾರಾದರೂ ಬೇರೆ ಆ್ಯಪ್‌ಗೆ ಕರೆದರೆ, ಗುಟ್ಟಾಗಿಡು ಎಂದರೆ, ಫೋಟೋ ಕೇಳಿದರೆ, ಆಟ ಅಲ್ಲಿಗೇ ಬಿಟ್ಟು ಫೋನ್ ತಂದು ಅಮ್ಮನಿಗೋ ಅಪ್ಪನಿಗೋ ತೋರಿಸು, ಫೋನ್ ಕಿತ್ತುಕೊಳ್ಳುವುದಿಲ್ಲ. ಕೊನೆಯ ಮಾತನ್ನು ಉಳಿಸಿಕೊಳ್ಳಿ. ಒಂದು ಸಲ ಕಿತ್ತುಕೊಂಡರೆ ಮುಂದಿನ ಸಲ ಮಗು ಹೇಳುವುದಿಲ್ಲ.

ಬಳಕೆದಾರ ಹೆಸರನ್ನೂ ನೋಡಿ. ಹೆಸರು, ಊರು, ಹುಟ್ಟಿದ ವರ್ಷ ಮೂರನ್ನೂ ಸೇರಿಸಿ ಇಟ್ಟುಕೊಂಡಿರುತ್ತಾರೆ. ಪ್ರೊಫೈಲ್ ಚಿತ್ರದಲ್ಲಿ ಶಾಲೆಯ ಯೂನಿಫಾರ್ಮ್, ಬ್ಯಾಡ್ಜ್ ಬೇಡ.

ಸಮಯದ ಬಗ್ಗೆ ಯಾರೂ ಬರೆದಿಲ್ಲ. ಮಿತಿ ಹಾಕಿದ ಮೇಲೆ ಮನೆಯಲ್ಲಿ ಜಗಳ ಹೆಚ್ಚಾಗಿದೆ ಎಂಬ ದೂರು ತುಂಬ ಬರುತ್ತದೆ.

ಹುಬ್ಬಳ್ಳಿ_ನೆಟ್‌ವರ್ಕ್

ಸರ್, ಜಗಳ ಆಗೋದು ಪಂದ್ಯದ ನಡುವ ಫೋನ್ ಲಾಕ್ ಆದಾಗ. ಜೊತೆಗಾರರು ಬೈತಾರ, ಪಾಯಿಂಟ್ ಹೋಗ್ತೈತಿ. ಫ್ರೀ ಫೈರ್ ಪಂದ್ಯ ಸುಮಾರು 10 ನಿಮಿಷ, ಬಿಜಿಎಂಐ ದೊಡ್ಡ ನಕ್ಷೆ ಆದ್ರ ಅರ್ಧ ತಾಸು. ದೊಡ್ಡ ಮಕ್ಕಳಿಗೆ ನಿಮಿಷದ ಬದಲಿ ಪಂದ್ಯದ ಲೆಕ್ಕ ಹೇಳ್ರಿ, ಲಾಕನ್ನ ಅದಕ್ಕಿಂತ 10 ನಿಮಿಷ ಮುಂದ ಇಡ್ರಿ. ಮೈನ್‌ಕ್ರಾಫ್ಟಿನ್ಯಾಗ ಸ್ವಂತ ಲೋಕ ಆದ್ರ ಯಾವಾಗ ಬೇಕಾದ್ರೂ ನಿಲ್ಲಿಸಬಹುದು, ಸಣ್ಣವರಿಗೆ ಅದು ಚಲೋ ಅನ್ನೋದಕ್ಕ ಇದೂ ಒಂದು ಕಾರಣ.

ಅನಿವಾಸಿ_ಅಕ್ಕ

ಜಗಳ ಮಾತ್ರವಲ್ಲ, ಊಟ, ನಿದ್ದೆ, ಶಾಲೆ ಬಿಟ್ಟು ತಿಂಗಳುಗಟ್ಟಲೆ ಆಟವೇ ಆಗಿದ್ದರೆ ಅದು ಸೆಟ್ಟಿಂಗ್‌ನಿಂದ ಸರಿಹೋಗುವ ವಿಷಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಾದ ಐಸಿಡಿ-11ರಲ್ಲಿ ಗೇಮಿಂಗ್ ಡಿಸಾರ್ಡರ್ ಒಂದು ಕಾಯಿಲೆಯಾಗಿ 2022ರಿಂದ ಜಾರಿಯಲ್ಲಿದೆ, ಸಾಮಾನ್ಯವಾಗಿ 12 ತಿಂಗಳ ಲಕ್ಷಣ ನೋಡಿ ನಿರ್ಧರಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ ಶಟ್ ಕ್ಲಿನಿಕ್ ಇದೆ. ದೂರದ ಊರಿನವರು ಮೊದಲು ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಶರಾವತಿ_ತೀರ

ಎಲ್ಲರಿಗೂ ಧನ್ಯವಾದ. ಒಂದೇ ಪ್ರಶ್ನೆ ಉಳಿದಿದೆ. ರಜೆಗೆ ಅಜ್ಜಿ ಮನೆಗೆ ಹೋದಾಗ ಮಾವನ ಫೋನಿನಲ್ಲಿ ಆಡುತ್ತಾರಲ್ಲ, ಆಗ ಈ ಸೆಟ್ಟಿಂಗ್‌ಗಳು ಇರುತ್ತವೆಯೇ?

ಕೋಡ್‌ಕಟ್ಟೆ

ಕೆಲವು ಇರುತ್ತವೆ, ಕೆಲವು ಇರುವುದಿಲ್ಲ. ರೋಬ್ಲಾಕ್ಸ್ ಮತ್ತು ಮೈಕ್ರೋಸಾಫ್ಟ್‌ನ ಬೀಗಗಳು ಮಗುವಿನ ಖಾತೆಗೆ ಅಂಟಿಕೊಂಡಿವೆ. ಮಾವನ ಫೋನಿನಲ್ಲಿ ಮಗು ತನ್ನ ಖಾತೆಗೇ ಲಾಗಿನ್ ಆಗಿ ಆಡಿದರೆ ಚಾಟ್, ಖರ್ಚು, ಕಂಟೆಂಟ್ ಮಿತಿ ಎಲ್ಲವೂ ಹಾಗೇ ಇರುತ್ತವೆ. ಮಾವನ ಖಾತೆಯಲ್ಲಿ ಆಡಿದರೆ ಯಾವುದೂ ಇರುವುದಿಲ್ಲ. ಫ್ಯಾಮಿಲಿ ಲಿಂಕ್ ಮಗುವಿನ ಗೂಗಲ್ ಖಾತೆ ಇರುವ ಫೋನಿಗೆ ಮಾತ್ರ.

ಮಾವನ ಫೋನಿಗೆ ಅಲ್ಲೇ ಮಾಡಬಹುದಾದದ್ದು: ಪ್ಲೇ ಸ್ಟೋರ್ ತೆರೆದು ಪ್ರೊಫೈಲ್ ಚಿತ್ರ ಒತ್ತಿ, ಸೆಟ್ಟಿಂಗ್ಸ್, ಫ್ಯಾಮಿಲಿ, ಪೇರೆಂಟಲ್ ಕಂಟ್ರೋಲ್ಸ್. ಅದನ್ನು ಆನ್ ಮಾಡಿ ಪಿನ್ ಇಟ್ಟು 7+ ಆರಿಸಿ. ಇದು ಆ ಒಂದು ಫೋನಿಗೆ ಮಾತ್ರ ಅನ್ವಯ, ಹೊಸದಾಗಿ ಇಳಿಸಿಕೊಳ್ಳುವ ಆಟಗಳಿಗೆ ಮಾತ್ರ. ಮೊದಲೇ ಇರುವ ಬಿಜಿಎಂಐ ತೆರೆದುಕೊಳ್ಳುತ್ತದೆ. ಖರೀದಿ ದೃಢೀಕರಣ "ಪ್ರತಿ ಸಲ" ಎಂದಿದೆಯೇ ನೋಡಿ. ಆಟ ತೆರೆದು ಕೊಟ್ಟ ಮೇಲೆ ಮಗು ಅದರಿಂದ ಹೊರಗೆ ಹೋಗದಂತೆ ಆ್ಯಪ್ ಪಿನ್ ಮಾಡುವ ಸೌಲಭ್ಯ ಆಂಡ್ರಾಯ್ಡ್‌ನ ಭದ್ರತೆ ವಿಭಾಗದಲ್ಲಿದೆ. ಪಿನ್ ತೆಗೆಯಲು ಫೋನಿನ ಲಾಕ್ ಕೇಳಬೇಕು ಎಂಬುದನ್ನೂ ಅಲ್ಲೇ ಆನ್ ಮಾಡಿ. ಅದಿಲ್ಲದಿದ್ದರೆ ಎರಡು ಬಟನ್ ಒಟ್ಟಿಗೆ ಒತ್ತಿ ಹೊರಗೆ ಬಂದುಬಿಡುತ್ತಾರೆ.